ಮೂರೋ, ನಾಲ್ಕೋ

"ಒತ್ಬೇಡ್ವೇ!" ಎಂದು ಮಾಹಿತಾಬ್ ಕಿರುಚಿದಳು.

ರಘ್ದಾಳ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ಪರದೆಯ ಮೇಲೆ ನಾಲ್ಕು ಡಾಕ್ಟರುಗಳ ಹೆಸರು, ಪಕ್ಕದಲ್ಲಿ ನಾಲ್ಕು ಚೌಕ. ಮೂರಕ್ಕೆ ಗುರುತು ಬಿದ್ದಾಗಿತ್ತು. ಅಮೆರಿಕದ ಆಸ್ಪತ್ರೆಗಳು ಹೊಸ ವೈದ್ಯರ ಅರ್ಜಿಗಳನ್ನು ಇಲ್ಲಿನ ಲೆಕ್ಕದಲ್ಲಿ ಇಂದು ಸಂಜೆ ನಾಲ್ಕಕ್ಕೆ ತೆರೆಯುತ್ತವೆ. ಈಜಿಪ್ಟಿನ ತಂತಾ ಊರಿನ ಗಡಿಯಾರದಲ್ಲಿ ಆಗ ಮೂರೂ ಇಪ್ಪತ್ತು.

ಮೂರು ಶಿಫಾರಸು ಪತ್ರ ಬೇಕೇ ಬೇಕು. ನಾಲ್ಕನೆಯದು ನಿಮ್ಮಿಷ್ಟ. ಈ 'ನಿಮ್ಮಿಷ್ಟ' ಎನ್ನುವುದಿದೆಯಲ್ಲ, ಜೀವ ತಿನ್ನುವುದು ಅದೇ. ಓದು ಮುಗಿದು ಐದು ವರ್ಷ ದಾಟಿದವರ ಅರ್ಜಿಯನ್ನು ಅಲ್ಲಿ ಹೆಚ್ಚಿನವರು ಮೂಸಿಯೂ ನೋಡುವುದಿಲ್ಲ. ರಘ್ದಾಳಿಗೆ ಇದು ಐದನೆಯ ವರ್ಷ. ಈ ಸಲ ತಪ್ಪಿದರೆ ಅಮೆರಿಕದ ಆಸೆಗೆ ಎಳ್ಳುನೀರು ಬಿಟ್ಟಂತೆಯೇ.

ಮೊದಲ ಮೂರರ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ದೊಡ್ಡ ಡಾಕ್ಟರುಗಳಿಗೆ ಪುರುಸೊತ್ತೆಲ್ಲಿ? ಎಲ್ಲರಿಗೂ ಹೇಳುವಂತೆ ಅವಳಿಗೂ "ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ" ಎಂದರು. ಬರೆದುಕೊಂಡು ಹೋದಳು, ಹಾಕಿದರು. ಒಂದರಲ್ಲಿ ಅವಳ ಜಾಣತನ, ಇನ್ನೊಂದರಲ್ಲಿ ತಾಳ್ಮೆ, ಮತ್ತೊಂದರಲ್ಲಿ ದುಡಿಮೆ.

ತಂಟೆಯೆಲ್ಲ ನಾಲ್ಕನೆಯವರದು. ವಿಭಾಗದ ಮುಖ್ಯಸ್ಥೆ ಡಾ. ಇಗ್ಲಾಲ್, ರಘ್ದಾ ಒಯ್ದ ಹಾಳೆಯನ್ನು ಮುಟ್ಟಲೂ ಇಲ್ಲ. "ಬೇರೆಯವ್ರು ಬರೆದದ್ದಕ್ಕೆ ನಾನು ಸಹಿ ಹಾಕಲ್ಲ" ಎಂದರು. ತಾವೇ ಬರೆದರು, ನೇರವಾಗಿ ಅಮೆರಿಕದ ಅರ್ಜಿ ಕೇಂದ್ರಕ್ಕೆ ಕಳಿಸಿಯೂ ಬಿಟ್ಟರು. ರಘ್ದಾ ಚೌಕಕ್ಕೆ ಗುರುತು ಹಾಕಿದರಷ್ಟೇ ಅದು ಅಲ್ಲಿಂದ ಆಸ್ಪತ್ರೆಗಳಿಗೆ ಹೋಗುವುದು. ಅದರಲ್ಲೇನಿದೆ ಎಂದು ರಘ್ದಾ ನೋಡುವಂತಿಲ್ಲ. ಓದುವ ಹಕ್ಕು ತನಗೆ ಬೇಡವೆಂದು ಮೊದಲೇ ಬರೆದುಕೊಟ್ಟಿದ್ದಳು. ಹಾಗೆ ಕೊಡದಿದ್ದರೆ ಅಲ್ಲಿ ಪತ್ರಕ್ಕೆ ಬೆಲೆಯಿಲ್ಲ.

"ಬೇಸಿಗೇಲಿ ಆಗಿದ್ದು ಮರೆತ್ಯಾ?" ಎಂದಳು ಮಾಹಿತಾಬ್. ಒಂದೇ ಕೋಣೆಯಲ್ಲಿ ಇರುವವಳು, ಒಂದೇ ವಾರ್ಡಿನಲ್ಲಿ ದುಡಿಯುವವಳು.

ಮರೆಯುವುದುಂಟೆ? ರಕ್ತ ಕಾರುತ್ತಿದ್ದ ಮುದುಕನ ಮುಂದೆ ಸೂಜಿ ಹಿಡಿದ ರಘ್ದಾ ಕಲ್ಲಾಗಿ ನಿಂತುಬಿಟ್ಟಿದ್ದಳು. ಕೈ ಮಾತ್ರ ನಡುಗುತ್ತಿತ್ತು. ಡಾ. ಇಗ್ಲಾಲ್ ಸೂಜಿ ಕಿತ್ತುಕೊಂಡು ತಾವೇ ಚುಚ್ಚಿದರು. ಮುದುಕ ಉಳಿದ. "ಕೈ ನಡುಗೋರು ಗೋಡೆ ಕಡೆ ನಿಲ್ರಿ" ಎಂದರು, ಇಪ್ಪತ್ತು ಜನರ ಎದುರಿಗೆ. ಅಂದಿನಿಂದ ಅವರ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಅವಳು ಬೇರೆ ದಾರಿ ಹಿಡಿಯುತ್ತಿದ್ದಳು.

ಇಂದು ಬೆಳಿಗ್ಗೆಯೂ ಮೆಟ್ಟಿಲ ಮೇಲೆ ಎದುರಾಗಿದ್ದರು.

"ನನ್ ಪತ್ರ ತಲುಪ್ತೇನಮ್ಮಾ?"

"ತಲುಪ್ತು ಡಾಕ್ಟ್ರೇ."

"ಕಂಡದ್ದನ್ನೇ ಬರೆದಿದೀನಿ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ." ಅವರು ನಗಲಿಲ್ಲ. ಇಳಿದು ಹೋದರು.

"ಕಂಡದ್ದು ಅಂದ್ರೆ ಇನ್ನೇನು, ಗೋಡೆ ಕಡೆ ನಿಲ್ಸಿದ್ದು" ಎಂದಳು ಮಾಹಿತಾಬ್. "ಮೂರು ಲೋಟ ಒಳ್ಳೆ ಚಹಾ ಕೊಟ್ಟು ನಾಲ್ಕನೇದ್ರಲ್ಲಿ ನೊಣ ಹಾಕ್ತೀಯಾ?"

"ಒಳ್ಳೇದೇ ಬರೆದಿದ್ರೆ?"

"ಇಗ್ಲಾಲ್? ಒಳ್ಳೇದು? ಆಯಮ್ಮ ಸ್ವಂತ ಮಗಳ ಮದುವೇಲೂ ಮದುಮಗಳ ತಪ್ಪು ಹುಡುಕಿದೋರು ಕಣೇ!"

ರಘ್ದಾ ನಗಲು ನೋಡಿದಳು, ಆಗಲಿಲ್ಲ. ಮೂರೂ ಮುಕ್ಕಾಲು. ನಾಲ್ಕನೆಯ ಚೌಕದ ಬಳಿ ಹೋದಳು, ಹಿಂದೆ ಬಂದಳು, ಮತ್ತೆ ಹೋದಳು. ಆ ಪತ್ರದ ಒಂದೇ ಸಾಲು ಅವಳ ಕಣ್ಣಿಗೆ ಕಟ್ಟಿದಂತಿತ್ತು: ಈಕೆಗೆ ಧೈರ್ಯವಿಲ್ಲ. ಇಷ್ಟು ವರ್ಷದ ಓದು ಆ ಒಂದು ಸಾಲಿಗೆ ಬಲಿಯಾಗಬೇಕೆ?

ಮೂರು ಪತ್ರ ಹೋದವು. ನಾಲ್ಕನೆಯದು ಅಲ್ಲೇ ಉಳಿಯಿತು.

ಇಬ್ಬರೂ ಬೀದಿಯಿಂದ ಕೊಶರಿ ತರಿಸಿ ತಿಂದರು. ಎಷ್ಟೋ ದಿನಗಳ ಮೇಲೆ ರಘ್ದಾಳಿಗೆ ಅಂದು ಊಟ ರುಚಿಸಿತು.

ಎಂಬತ್ತು ಅರ್ಜಿಗೆ ಬಂದದ್ದು ಒಂದೇ ಸಂದರ್ಶನದ ಕರೆ, ಡಿಸೆಂಬರಿನಲ್ಲಿ, ಒಹಾಯೋದಿಂದ. ಪರದೆಯಲ್ಲಿ ಕಂಡವರು ಡಾ. ನೆವೀನ್, ನರೆತ ಕೂದಲಿನ ಹೆಂಗಸು. ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ರೋಗಗಳ ಬಗ್ಗೆ ಕೇಳಿದರು. ರಘ್ದಾ ಒಂದಕ್ಕೂ ತಡವರಿಸಲಿಲ್ಲ. ಆಮೇಲೆ ಅವರು ಇದ್ದಕ್ಕಿದ್ದಂತೆ ಊರಿನ ಅರಬ್ಬಿ ಮಾತಿಗೆ ಇಳಿದರು.

"ನಾನೂ ತಂತಾದವಳೇ ಕಣಮ್ಮ. ನಿಮ್ ಅಂಕ ಚೆನ್ನಾಗಿವೆ, ಅದಕ್ಕೇ ಹಟ ಮಾಡಿ ಕರೆಸ್ದೆ. ಆದ್ರೆ ಈ ಪತ್ರಗಳು..." ಅವರು ಮೂರು ಹಾಳೆಗಳನ್ನು ಎತ್ತಿ ತೋರಿಸಿದರು. "ಮೂರು ಜನ ಡಾಕ್ಟ್ರು. ಮೂವರೂ, ಯಾರೂ ಕೇಳದೇನೇ, ಈ ಹುಡುಗಿ ಹೆದರೋಳಲ್ಲ ಅಂತ ಬರೆದಿದಾರೆ. ಕೇಳದೇ ಹಾಗೆ ಹೇಳ್ಕೊಳ್ಳೋರು ಯಾರು ಹೇಳಿ, ಹೆದರೋರೇ ತಾನೆ?"

ರಘ್ದಾ ಕಣ್ಣು ತಗ್ಗಿಸಿದಳು. ಮೂರಕ್ಕೂ ಆ ಸಾಲು ಸೇರಿಸಿದ್ದು ಅವಳೇ.

"ನೀನೇ ಬರ್ಕೊಂಡು ಬಾ ಅನ್ನೋದು ನಂಗೇನು ಹೊಸದಲ್ಲ. ಹೆದರೋದೂ ತಪ್ಪಲ್ಲ, ಮೊದ್ಮೊದಲು ನಾನೂ ಹೆದರ್ತಿದ್ದೆ. ಆದ್ರೆ ಸಮಿತಿ ನಾಳೆ ಕೂರುತ್ತೆ. ನಿಜವಾಗ್ಲೂ ಬೇರೆಯವ್ರು ಬರೆದ ಪತ್ರ ಒಂದೇ ಒಂದು ಇದ್ದಿದ್ರೂ, ಬೈದೇ ಬರೆದಿದ್ರೂ ಸರಿ, ಅದನ್ನ ಹಿಡ್ಕೊಂಡು ನಿಮ್ ಪರ ಜಗಳ ಆಡ್ತಿದ್ದೆ." ಡಾ. ನೆವೀನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಅಷ್ಟು ದೊಡ್ಡ ಆಸ್ಪತ್ರೇಲಿ, ನಿಮಗೋಸ್ಕರ ತಾವೇ ಕೂತು ಬರೆಯೋರು ಒಬ್ರೂ ಇರ್ಲಿಲ್ವಾ?"