ಬೆಚ್ಚಗಿನ ದನಿ

"ಈಗ ಹೇಗಿದೆ?" ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ ಕೇಳಿದರು ಭಾವ.

ತಂಗಿ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಬೆಳಿಗ್ಗೆ ತಾನೇ ನುಡಿಸಿದ ಗಿಟಾರಿನ ತುಣುಕು ಮತ್ತೆ ಮೊದಲಿನಿಂದ ಓಡುತ್ತಿತ್ತು. ನುಡಿಸಿ ಮುಗಿದು ಬೆರಳ ತುದಿಯ ಉರಿಯೂ ಇಳಿದಿತ್ತು. ಮುಗಿಯದಿದ್ದದ್ದು ಅದಕ್ಕೊಂದು ದನಿ ಆರಿಸುವ ಕೆಲಸ. ಆ ಮನೆಯಲ್ಲಿ ನಿಜವಾದ ಆಂಪ್ಲಿಫೈಯರ್ ಇರಲಿಲ್ಲ. ತಂತಿಯ ಸದ್ದು ನೇರ ಲ್ಯಾಪ್‌ಟಾಪಿನೊಳಗೆ ಹೋಗಿ, ಪರದೆಯ ಮೇಲೆ ಚಿತ್ರವಾಗಿ ಕೂತ ಆಂಪ್ಲಿಫೈಯರನ್ನು ಹಾದು ಬರುತ್ತಿತ್ತು. ಚಿತ್ರವಾದರೇನು, ಅದಕ್ಕೂ ಸಾಲಾಗಿ ನಾಬುಗಳಿದ್ದವು, ಒಂದು ಕೆಂಪು ದೀಪವಿತ್ತು. ಭಾವ ಊಟ ಮರೆತು ಆ ನಾಬುಗಳನ್ನು ತಿರುಗಿಸುತ್ತಿದ್ದರು.

"ಸ್ವಲ್ಪ... ಬೆಚ್ಚಗಾಯ್ತು ಭಾವ."

"ಅಬ್ಬಾ, ಮೌನಗೌರಿ ಬಾಯಿ ಬಿಟ್ಟಳು! ಅದನ್ನೇ ನಾನೂ ಹೇಳಿದ್ದು. ಮೊದಲು ಖಾಲಿ ಡಬ್ಬ ಬಡಿದ ಹಾಗಿತ್ತು."

ಅಕ್ಕ ಒಣಗಿದ ಬಟ್ಟೆಗಳ ರಾಶಿ ಹಿಡಿದು ಕೋಣೆಗೆ ಬಂದಳು. ಈ ಹಾಡು ಹಾಡಬೇಕಾದವಳು ಅವಳೇ. ಪಾತ್ರೆ ತೊಳೆಯುವಾಗ ಬಿಟ್ಟರೆ ಬೇರೆಲ್ಲೂ ಹಾಡದವಳನ್ನು ಗಂಡ, ತಂಗಿ ಇಬ್ಬರೂ ಗೋಗರೆದು ಒಪ್ಪಿಸಿದ್ದರು. ಅವಳಿಗೆಂದೇ ಗೋಡೆಗೆ ಹಾಸಿಗೆ ಒರಗಿಸಿ, ಅದರ ಮುಂದೆ ಮೈಕು ನಿಲ್ಲಿಸಿದ್ದರು.

"ನೀನೂ ಕೇಳು ಬಾರೆ," ಎಂದು ಭಾವ ತಂಗಿಯ ಹೆಡ್‌ಫೋನ್ ತೆಗೆದು ಅಕ್ಕನ ಕಿವಿಗೆ ಏರಿಸಿದರು. "ನಾವಿಬ್ರೂ ಕೇಳಿ ಆರಿಸಿಟ್ಟಿದ್ದು. ಇದು ಒಂದು... ಇದು ಎರಡು... ಇದು ಮೂರು. ಯಾವುದು ಚೆನ್ನಾಗಿದೆ?"

ಅಕ್ಕ ಹುಬ್ಬು ಗಂಟಿಕ್ಕಿ ಕೇಳಿದಳು. "ನಂಗೆ ಮೂರೂ ಒಂದೇ ಥರ ಕೇಳಿಸ್ತು ಕಣ್ರೀ."

"ಒಂದೇ ಥರಾನಾ? ಕಿವೀಲಿ ಹತ್ತಿ ಗಿತ್ತಿ ಇಟ್ಕೊಂಡಿದ್ಯಾ?"

ಅಕ್ಕ ತಂಗಿಯ ಮುಖ ನೋಡಿದಳು. ಗಂಡ ಹೆಂಡಿರ ಯಾವ ಮಾತಿಗೂ ನಡುವೆ ಬಾಯಿ ಹಾಕದ ತಂಗಿ ಇವತ್ತು ಯಾಕೋ ಹಾಕಿಬಿಟ್ಟಳು. "ಗಮನ ಇಟ್ಟು ಕೇಳಕ್ಕಾ. ಮೂರನೇದು ಕಂಬಳಿ ಹೊದ್ದ ಹಾಗಿದೆ. ಅಷ್ಟೂ ಗೊತ್ತಾಗಲ್ವಾ?"

ಅಕ್ಕ ಹೆಡ್‌ಫೋನ್ ತೆಗೆದು ಬಟ್ಟೆಯ ರಾಶಿಯ ಮೇಲೆ ಮೆಲ್ಲಗೆ ಇಟ್ಟಳು. "ಅಷ್ಟೂ ಗೊತ್ತಾಗದ ಕಿವಿ ಇಟ್ಕೊಂಡು ನಾನೇನು ಶ್ರುತಿ ಹಿಡೀಲಿ? ಹಾಡೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ನಗುತ್ತಲೇ ಅಂದು ಒಳಗೆ ಹೋದಳು. ಆದರೆ ಬೆಳಿಗ್ಗೆಯಿಂದ ಅಡುಗೆಮನೆಯಿಂದ ಬರುತ್ತಿದ್ದ ಗುನುಗು ಆಮೇಲೆ ಬರಲಿಲ್ಲ.

"ತಡಿ, ರಮಿಸಿ ಕರ್ಕೊಂಡು ಬರ್ತೀನಿ," ಎಂದು ಭಾವ ಎದ್ದು ಹೋದರು.

ಒಬ್ಬಳೇ ಉಳಿದ ತಂಗಿ ಮೂರನೆಯದನ್ನು ಮತ್ತೆ ಹಾಕಿದಳು. ಕಂಬಳಿಯನ್ನು ಸ್ವಲ್ಪ ಸರಿಸೋಣವೆಂದು ಒಂದು ನಾಬನ್ನು ತಿರುಗಿಸಿದಳು. ಏನೂ ಆಗಲಿಲ್ಲ. ಕೊನೆಯವರೆಗೂ ತಿರುಗಿಸಿದಳು. ಎಲ್ಲವನ್ನೂ ಸೊನ್ನೆಗೆ ಇಳಿಸಿದಳು. ಗಿಟಾರು ಮೊದಲಿನಂತೆಯೇ ಹಾಯಾಗಿ ನುಡಿಯುತ್ತಿತ್ತು. ಆಮೇಲೆ ಕಣ್ಣಿಗೆ ಬಿತ್ತು: ಭಾವ ಬೆಳಿಗ್ಗೆ, ಇರಲಿ ಎಂದು, ಅವಳ ಟ್ರ್ಯಾಕಿನದೊಂದು ನಕಲು ಮಾಡಿ ಸದ್ದು ಬಾರದಂತೆ ಮ್ಯೂಟ್ ಮಾಡಿಟ್ಟಿದ್ದರು. ಪರದೆಯ ಮೇಲೆ ತೆರೆದುಕೊಂಡಿದ್ದದ್ದು ಆ ನಕಲಿನ ಆಂಪ್ಲಿಫೈಯರು. ಇಷ್ಟು ಹೊತ್ತೂ ಇಬ್ಬರೂ ಬಾಯಿ ಕಟ್ಟಿದವನ ಗಂಟಲು ಸರಿಮಾಡುತ್ತಿದ್ದರು.

ಭಾವನ ಮನಸ್ಸಿಗೆ ಹಿತವಾಗಲೆಂದು ಸುಳ್ಳು ಹೇಳಿದ್ದರೆ ಎಷ್ಟೋ ಸುಲಭವಿತ್ತು. ಆದರೆ ಅವಳು ಸುಳ್ಳು ಹೇಳಿರಲಿಲ್ಲ. ಡಬ್ಬದ ಸದ್ದು ಕೇಳಿಸಿತ್ತು. ಬೆಚ್ಚಗಾದದ್ದು ಕೇಳಿಸಿತ್ತು. ಆ ಕಂಬಳಿಯಂತೂ, ಕೈಗೆ ಉಣ್ಣೆ ತಾಗುವಷ್ಟು ಕೇಳಿಸಿತ್ತು.

"ಬರಲ್ವಂತೆ ಮಹಾರಾಣಿ," ಎನ್ನುತ್ತಾ ಭಾವ ಮರಳಿದಾಗ ಅವಳು ಪರದೆಯತ್ತ ಬೆರಳು ತೋರಿಸಿದಳು. ಅವರು ಬಗ್ಗಿ ನೋಡಿದರು.

"ಆದ್ರೆ... ನಿಂಗೂ ಕೇಳಿಸ್ತಲ್ಲ?"

"ಕೇಳಿಸ್ತು ಭಾವ."

"ಏನು ಕೇಳಿಸ್ತು ಹಾಗಾದ್ರೆ?"

ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಸದ್ಯ ನಿಮ್ಮಕ್ಕನಿಗೆ ಹೇಳ್ಬೇಡ," ಎಂದು ಭಾವ ತಲೆ ಕೆರೆದುಕೊಂಡರು. "ಜನ್ಮ ಪೂರ್ತಿ ಆಡ್ಕೋತಾಳೆ." ನಕಲನ್ನು ಅಳಿಸಿ ಸರಿಯಾದ ಟ್ರ್ಯಾಕಿನ ಆಂಪ್ಲಿಫೈಯರ್ ತೆರೆದರು. ಒಂದು ನಾಬು ಮುಟ್ಟಿದರೆ ಸಾಕು, ಗಿಟಾರು ಬೇರೆಯೇ ಆಗಿಬಿಡುತ್ತಿತ್ತು. ಕಿವುಡರಿಗೂ ತಿಳಿಯುವಂಥ ವ್ಯತ್ಯಾಸ. ಭಾವ ಅದನ್ನು ನಿಲ್ಲಿಸಿ, ಬಾಗಿಲಿಗೆ ಹೋಗಿ ಕೂಗಿದರು: "ಕೊನೇ ಸಲ ಕಣೇ! ಒಂದೇ ಒಂದು ಸಲ ಕೇಳಿ ಹೇಳು. ಆಮೇಲೆ ನಿನ್ನ ಕಿವಿ ಸುದ್ದಿಗೇ ಬರಲ್ಲ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತಳು. ಭಾವ ಏನಾದರೂ ಅಂದುಕೊಳ್ಳಲಿ, ಹೇಳಿಬಿಡಬೇಕೆಂದು ತಂಗಿ ಒಳಗೇ ಮಾತು ಜೋಡಿಸಿಕೊಂಡಿದ್ದಳು: ಅಕ್ಕಾ, ನಮ್ಮ ಮೂವರಲ್ಲಿ ಸರಿಯಾಗಿ ಕೇಳಿಸಿಕೊಂಡವಳು ನೀನೊಬ್ಬಳೇ. ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆದೂಗಿದಳು.

"ಹೂಂ ಕಣ್ರೀ, ಈಗ ಗೊತ್ತಾಯ್ತು. ಎಷ್ಟು ಬೆಚ್ಚಗಿದೆ!"

ಪ್ಲೇ ಒತ್ತಲು ಹೊರಟಿದ್ದ ಭಾವನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.