ನಡುಮನೆಯ ಕಂಬ

"ಅಣ್ಣನನ್ನು ಕಾಶಿಯ ರೈಲು ಹತ್ತಿಸಿ ಬಂದೆ" ಎಂದು ಚಿಕ್ಕಪ್ಪ ಹೇಳಿದಂದಿನಿಂದ ಸಾಯುವವರೆಗೂ ಅವ್ವ ನಡುಮನೆಯ ಕಂಬಕ್ಕೆ ಒರಗಿಯೇ ಅಪ್ಪನ ದಾರಿ ಕಾದಳು.

ಮರದೊಳಗಿನ ಸುತ್ತು ಎಣಿಸಿ ಹಳೆಯ ಮನೆಗಳ ವಯಸ್ಸು ಹೇಳುವವನೊಬ್ಬ ಹೋದ ತಿಂಗಳು ಕಂಬಗಳಿಗೆಲ್ಲ ಬೈರಿಗೆ ಹಾಕಿ, ಚೂರು ಚೂರು ಮರ ಒಯ್ದಿದ್ದ. ಇವತ್ತು ಮತ್ತೆ ಬಂದ.

"ಕಂಬಗಳೆಲ್ಲ ಇನ್ನೂರು ವರ್ಷದ ತೇಗ, ಯಜಮಾನ್ರೇ. ನಡುಮನೇದೊಂದು ಮಾತ್ರ ಐವತ್ತೆಂಟನೇ ಇಸವೀಲಿ ಕಡಿದಿದ್ದು."

"ಮೊದಲಿದ್ದಕ್ಕೆ ಗೆದ್ದಲು ಹಿಡಿದಿತ್ತು," ಎಂದ ತೊಂಬತ್ತು ದಾಟಿದ ಚಿಕ್ಕಪ್ಪ.

"ತೇಗಕ್ಕೂ ಗೆದ್ದಲಾ ಚಿಕ್ಕಪ್ಪ?" ಎಂದೆ.



"ಹಳೇ ಕಂಬದ ಚೂರೇನಾದ್ರೂ ಉಳಿದಿದೆಯಾ ಅಂತ ಬುಡ ಸ್ವಲ್ಪ ಅಗೆದು ನೋಡಬಹುದಾ?" ಬಂದವನು ಕೇಳಿದ.

ಚಿಕ್ಕಪ್ಪನ ಊರುಗೋಲು ಕಂಬಕ್ಕೆ ಅಡ್ಡ ಬಂತು. "ಬೇಡ."

"ಅಗೀರಿ," ಎಂದೆ. "ನಮ್ಮಪ್ಪ ಕಾಶಿಗೆ ಹೋಗಿದ್ದೂ ಅದೇ ವರ್ಷ."