ಎಡಕ್ಕೆ ಬಿದ್ದ ಹೂ

ಆ ಬೆಳಿಗ್ಗೆ ಗಾಳಿ ನಿಂತು ಒಂದೆಲೆಯೂ ಅಲುಗುತ್ತಿರಲಿಲ್ಲ. ಗುಡಿಯ ಮೂರು ಮೆಟ್ಟಿಲು ಹತ್ತಲು ಕಮಲಾಕ್ಷಮ್ಮನಿಗೆ ಗಂಡನ ಹೆಗಲೂ ಬೇಕಾಯಿತು, ಗೋಡೆಯೂ ಬೇಕಾಯಿತು. ಎರಡೂ ಮಂಡಿ ಸವೆದಿವೆ, ಬದಲಿಸಲೇಬೇಕು ಎಂದಿದ್ದರು ಡಾಕ್ಟರು. ಗಂಡನಿಗೆ ಆಪರೇಷನ್ ಎಂದರೆ ಭಯ. ದೇವಿ ಹೇಳಿದಂತಾಗಲಿ ಎಂದು ಕರೆತಂದಿದ್ದರು. ದೇವಿಯ ಮುಡಿಯ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ ಎಂಬುದು ಅಲ್ಲಿಯ ವಾಡಿಕೆ.

"ಮನಸ್ಸಲ್ಲೇ ಕೇಳ್ಕೊಳ್ಳಿ ತಾಯಿ," ಎಂದರು ಪೂಜಾರಿ.

ಆಕೆ ಕಣ್ಣು ಮುಚ್ಚಿದರು. ಹೂ ಎಡಕ್ಕೆ ಬಿತ್ತು.

"ನೋಡ್ದೇನೇ? ದೇವೀನೇ ಬೇಡ ಅಂದ್ಳು. ಇನ್ನು ಆಪರೇಷನ್ ಸುದ್ದಿ ಎತ್ಬೇಡ," ಎಂದರು ಗಂಡ.

"ಮಾಡಿಸ್ಲಾ ಬೇಡ್ವಾ ಅಂತ ಯಾರ್ರೀ ಕೇಳಿದ್ರು? ಮೊದಲು ಯಾವ ಕಾಲು ಅಂತ ಕೇಳ್ದೆ."

ಪೂಜಾರಿ ತೀರ್ಥ ಕೊಟ್ಟರು. ಗಂಡ ಮನೆಗೆ ಬಂದವರೇ, ತಿಂಗಳಿಂದ ಬಚ್ಚಿಟ್ಟಿದ್ದ ಎಕ್ಸ್‌ರೇ ತಂದು ಆಕೆಯ ಕೈಗಿಟ್ಟರು.